ಕೇಳಿದ ಕೂಡಲೇ ಉತ್ತರ ಕೊಡುವ ಬೋರ್ಡು

ಹೋದ ಭಾನುವಾರ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮೇಜಿನ ಮೇಲೆ ಮೆಣಸಿನ ಗಿಡದ ಕುಂಡವೊಂದು ಬಂದು ಕೂತಿತ್ತು. ಮಣ್ಣಿಗೆ ಚುಚ್ಚಿದ ತೇವಾಂಶದ ಸೆನ್ಸರ್‌ನಿಂದ ಮೂರು ವೈರುಗಳು ಬೆರಳುದ್ದದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿಗೆ ಸೇರಿದ್ದವು. ಒಂಬತ್ತನೇ ತರಗತಿ ಓದುವ ಅಣ್ಣನ ಮಗ ಲ್ಯಾಪ್‌ಟಾಪಿನಲ್ಲಿ ‘ಪ್ರಿಂಟ್ ಪಿನ್’ ಎಂಬ ಒಂದು ಸಾಲು ಟೈಪಿಸಿ ಎಂಟರ್ ಒತ್ತಿದ. 2.3 ವೋಲ್ಟ್ ಎಂದು ತೋರಿತು. ಅರ್ಧ ಲೋಟ ನೀರು ಹಾಕಿ, ಸ್ವಲ್ಪ ತಡೆದು ಮತ್ತೆ ಒತ್ತಿದ. 1.6ಕ್ಕೆ ಇಳಿದಿತ್ತು. ‘ಕಾಕಾ, ಗಿಡಾ ನೀರ ಕುಡದದ್ದು ಇದಕ್ಕ ಗೊತ್ತಾತು ನೋಡ್ರಿ!’ ಎಂದು ಕುಣಿದ.

ಇದೇ ಹುಡುಗ ಎರಡು ತಿಂಗಳ ಹಿಂದೆ ‘ನನಗ ಇದು ತಿಳಿಯಂಗಿಲ್ಲ’ ಎಂದು ಆರ್ಡುಯಿನೊ ಕಿಟ್ಟನ್ನು ಡಬ್ಬಿಗೆ ಹಾಕಿಟ್ಟಿದ್ದ. ಅಲ್ಲಿ ಇಡೀ ಪ್ರೋಗ್ರಾಮ್ ಬರೆಯಬೇಕು, ಕಂಪೈಲ್ ಮಾಡಬೇಕು, ಬೋರ್ಡಿಗೆ ಅಪ್‌ಲೋಡ್ ಮಾಡಬೇಕು. ಒಂದು ಸೆಮಿಕೋಲನ್ ಬಿಟ್ಟರೂ ಪರದೆಯ ತುಂಬ ಕೆಂಪು ಅಕ್ಷರ. ಹುಡುಗನ ಬುದ್ಧಿಯಲ್ಲಿ ಕೊರತೆ ಇರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರುವುದು ತಡವಾಗುತ್ತಿತ್ತು, ಅಷ್ಟೇ.

ಈಗ ಪಿಕೊದಲ್ಲಿ ಹಾಕಿರುವ ಬೇಸಿಕ್ ಭಾಷೆಯ ಇಂಟರ್‌ಪ್ರಿಟರ್ ಆ ತಡವನ್ನೇ ತೆಗೆದುಹಾಕುತ್ತದೆ. ಅದು ಚಿಪ್‌ನೊಳಗೇ ಕೂತು, ನಾವು ಕೊಟ್ಟ ಸಾಲನ್ನು ಆಗಿಂದಾಗಲೇ ಓದಿ ನಡೆಸುತ್ತದೆ. ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಈ ಭಾಷೆಯನ್ನು ರೂಪಿಸಿದಾಗ, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಬೇಕು ಎಂಬುದೇ ಅವರ ಆಸೆಯಾಗಿತ್ತು. ನಮ್ಮ ದೇಶದಲ್ಲಿ 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರುಗಳೂ ಸ್ವಿಚ್ ಹಾಕಿದೊಡನೆ ಬೇಸಿಕ್‌ನಲ್ಲೇ ಕಣ್ಣು ಬಿಡುತ್ತಿದ್ದವು. 10, 20, 30 ಎಂದು ಸಾಲಿಗೆ ಸಂಖ್ಯೆ ಕೊಟ್ಟು ಪ್ರೋಗ್ರಾಮ್ ಬರೆದವರಿಗೆ ಆ ದಿನಗಳು ಇನ್ನೂ ನೆನಪಿರುತ್ತವೆ.

ಅದೇ ಭಾಷೆ ಈಗ ಸಣ್ಣ ಬೋರ್ಡುಗಳಿಗೆ ಬಂದಿದೆ. ಆಸ್ಟ್ರೇಲಿಯಾದ ಜೆಫ್ ಗ್ರಹಾಂ 2011ರಲ್ಲಿ ‘ಮ್ಯಾಕ್ಸಿಮೈಟ್’ ಎಂಬ ಪುಟ್ಟ ಕಂಪ್ಯೂಟರಿಗಾಗಿ ಬರೆದ ಎಂಎಂಬೇಸಿಕ್, ಇಂದು ‘ಪಿಕೊಮೈಟ್’ ಹೆಸರಿನಲ್ಲಿ ಪಿಕೊ ಮೇಲೆ ಉಚಿತವಾಗಿ ಓಡುತ್ತದೆ. 2021ರಲ್ಲಿ 4 ಡಾಲರ್ ಬೆಲೆಗೆ ಬಂದ ಪಿಕೊದಲ್ಲಿ 264 ಕೆಬಿ ರ್‍ಯಾಮ್ ಇದೆ. ಆರ್ಡುಯಿನೊ ಊನೊ ಆರ್3ರಲ್ಲಿ ಇರುವುದು 2 ಕೆಬಿ ಮಾತ್ರ. ಅದರಲ್ಲೂ ‘ಟೈನಿ ಬೇಸಿಕ್’ ಓಡುತ್ತದೆ, ಆದರೆ ನಮ್ಮ ಪ್ರೋಗ್ರಾಮಿಗೆ ಉಳಿಯುವ ಜಾಗ ತೀರ ಕಡಿಮೆ.

ಪಿಕೊಗೆ ಬೇಸಿಕ್ ಹಾಕುವುದು ಕಷ್ಟವಲ್ಲ. ಬೋರ್ಡಿನ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಕೇಬಲ್ ಚುಚ್ಚಿದರೆ, ಪಿಕೊ ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ. ಇಂಟರ್‌ಪ್ರಿಟರ್ ಫೈಲನ್ನು ಅದರೊಳಗೆ ಕಾಪಿ ಮಾಡಿದರಾಯಿತು. ಆಮೇಲೆ ಟೆರಾ ಟರ್ಮ್‌ನಂಥ ಟರ್ಮಿನಲ್ ತೆರೆದು 2+3 ಎಷ್ಟು ಎಂದು ಕೇಳಿದರೆ 5 ಎನ್ನುತ್ತದೆ.

ನಮಗೆ ಮೊದಲ ದಿನ ಏನೂ ಕಾಣಲಿಲ್ಲ. ಒಂದು ತಾಸು ತಡಕಾಡಿದ ಮೇಲೆ ಕೇಬಲ್ ಬದಲಿಸಿ ನೋಡಿದೆವು. ಹಳೆಯದು ಬರೀ ಚಾರ್ಜಿಂಗ್‌ನದ್ದು, ಡೇಟಾ ತಂತಿಯೇ ಅದರಲ್ಲಿ ಇರಲಿಲ್ಲ. ಇನ್ನೊಂದು ಎಚ್ಚರವೂ ಬೇಕು: ಪಿಕೊದ ಪಿನ್ನುಗಳು ತಾಳುವುದು 3.3 ವೋಲ್ಟ್, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಎಲ್‌ಇಡಿ ಹಚ್ಚುವಾಗ ನಡುವೆ 330 ಓಮ್ ರೆಸಿಸ್ಟರ್ ಇರಲಿ. ಪ್ರೋಗ್ರಾಮ್ ಉಳಿಸಿ ‘ಆಟೊರನ್’ ಆನ್ ಮಾಡಿಟ್ಟರೆ, ಲ್ಯಾಪ್‌ಟಾಪ್ ತೆಗೆದ ಮೇಲೂ, ಬೇರೆ ಕಡೆಯಿಂದ ವಿದ್ಯುತ್ ಸಿಕ್ಕರೆ ಬೋರ್ಡು ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಬೇಸಿಕ್ ನಿಧಾನ ಎಂಬ ಮಾತು ನಿಜ. ಪ್ರತಿ ಸಾಲನ್ನೂ ಓಡುವಾಗಲೇ ಅರ್ಥ ಮಾಡಿಕೊಳ್ಳುವುದರಿಂದ ಸಿ ಭಾಷೆಯ ವೇಗ ಇದಕ್ಕಿಲ್ಲ. ಆದರೆ ಎರೆ ಹೊಲದಲ್ಲಿ ತೇವ ಎಷ್ಟಿದೆ ಎಂದು ತಿಳಿಯಲು ಸೆಕೆಂಡಿಗೆ ಲಕ್ಷ ಸಲ ಅಳೆಯಬೇಕಿಲ್ಲ. ಗಂಟೆಗೊಮ್ಮೆ ಸಾಕು.

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಈ ಬೋರ್ಡುಗಳು ಹೊಸವಲ್ಲ. 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಮೊದಲ ವರ್ಷದ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಕೋರ್ಸಿನಲ್ಲೇ ವಿದ್ಯಾರ್ಥಿಗಳು ಆರ್ಡುಯಿನೊ ಹಿಡಿದು ಮಾದರಿಗಳನ್ನು ಕಟ್ಟುತ್ತಾರೆ. 2016ರಿಂದ ದೇಶದ ಶಾಲೆಗಳಿಗೆ ಬರುತ್ತಿರುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 6ರಿಂದ 12ನೇ ತರಗತಿಯ ಮಕ್ಕಳಿಗೆ ಇದೇ ಸಾಮಾನು ಕೊಡುತ್ತವೆ. ಕೊರತೆ ಇರುವುದು ಸಾಮಾನಿನದಲ್ಲ, ಮೊದಲ ಮೆಟ್ಟಿಲಿನದು. ಕನ್ನಡ ಮಾಧ್ಯಮದ ಮಗುವಿಗೆ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಕೆಲಸ ಶುರುವಾಗುವ ಬೇಸಿಕ್ ಆ ಮೆಟ್ಟಿಲಾಗಬಲ್ಲದು. ಸಿ, ಪೈಥಾನ್ ಆಮೇಲೆ ತಾವಾಗಿ ಬರುತ್ತವೆ.

ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಒಂದೇ ಒಂದು ಬೋರ್ಡಿಗೆ ಬೇಸಿಕ್ ಹಾಕಿ, ಒಂದು ಎಲ್‌ಇಡಿ ಜೋಡಿಸಿ ಇಡಿ. ದೀಪ ಹತ್ತಿಸುವ ಮೊದಲ ಸಾಲನ್ನು ನೀವು ಟೈಪಿಸಬೇಡಿ, ಮಗುವೇ ಟೈಪಿಸಲಿ.