ತಲೆನೋವೆಂದು ತಳ್ಳಿಹಾಕದಿರೋಣ

ತಲೆನೋವು ಯಾರಿಗೆ ತಾನೆ ಬರುವುದಿಲ್ಲ? ಬಿಸಿಲಿಗೆ, ಹಸಿವಿಗೆ, ನಿದ್ದೆಗೆಟ್ಟದ್ದಕ್ಕೆ ಬರುತ್ತದೆ, ಹೋಗುತ್ತದೆ. ನಾವು ಹಣೆಗೆ ಅಮೃತಾಂಜನ ಸವರಿ, ಒಂದು ಮಾತ್ರೆ ನುಂಗಿ ಮಲಗುತ್ತೇವೆ. ಆದರೆ ಅಪರೂಪಕ್ಕೊಮ್ಮೆ ಆ ನೋವಿಗೆ ಮಿದುಳಿನ ಸುತ್ತ ಸೋರುತ್ತಿರುವ ರಕ್ತವೇ ಕಾರಣವಾಗಿರಬಹುದು. ಸೇಲಂ ಜಿಲ್ಲೆಯ ಪಾಲಮಲೆಯಂಥ ಬೆಟ್ಟದೂರಿನ ಕುಟುಂಬಗಳಂತೂ ಇದನ್ನು ಬೇಗನೆ ಗುರುತಿಸಲು ಕಲಿಯಬೇಕು.

ನಮ್ಮ ಮಿದುಳಿಗೆ ಮೂರು ಪದರಗಳ ಹೊದಿಕೆಯಿದೆ. ಅದರ ಸುತ್ತ ಇರುವ ತಲೆಬುರುಡೆ ಗಟ್ಟಿ ಮೂಳೆ, ಹಿಗ್ಗುವುದಿಲ್ಲ. ಆದ್ದರಿಂದ ಒಳಗೆ ಸೋರಿದ ರಕ್ತ ಮಿದುಳನ್ನೇ ಒತ್ತುತ್ತದೆ.

ಮುಖ್ಯವಾಗಿ ಎರಡು ಬಗೆಗಳನ್ನು ನಾವು ತಿಳಿದಿರೋಣ. ಮೊದಲನೆಯದು ಸಿಡಿಲಿನಂತೆ ಎರಗುತ್ತದೆ. ರಕ್ತನಾಳದ ಗೋಡೆ ಗುಳ್ಳೆಯಂತೆ ಉಬ್ಬಿ ಒಡೆದಾಗ, ಜೀವಮಾನದಲ್ಲೇ ಕಾಣದಂಥ ತಲೆನೋವು ಒಮ್ಮೆಲೇ ಬರುತ್ತದೆ. ಜತೆಗೆ ವಾಂತಿ, ಕತ್ತಿನ ಬಿಗಿತ, ಬೆಳಕು ಸಹಿಸಲಾಗದಿರುವುದು, ಪ್ರಜ್ಞೆ ತಪ್ಪುವುದು ಇರಬಹುದು. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ರಕ್ತದೊತ್ತಡ ಈ ಅಪಾಯವನ್ನು ಹೆಚ್ಚಿಸುತ್ತವೆ.

ಎರಡನೆಯದು ಮೆಲ್ಲಗೆ ಬರುತ್ತದೆ. ಅಜ್ಜ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಿರುತ್ತಾರೆ, ಗಾಯ ಕಾಣುವುದಿಲ್ಲ. ಕೆಲವು ವಾರಗಳ ಮೇಲೆ ತಲೆನೋವು, ಮಂಪರು, ಮರೆವು, ನಡಿಗೆಯಲ್ಲಿ ತೂರಾಟ. ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಮತ್ತು ಕುಡಿತದ ಚಟವುಳ್ಳವರಿಗೆ ಇದರ ಭಯ ಹೆಚ್ಚು.

ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಅವರಿಗೆ 2024ರಲ್ಲಿ ಸುಮಾರು ನಾಲ್ಕು ವಾರ ತೀವ್ರ ತಲೆನೋವಿತ್ತು. ಆದರೂ ಅವರು ಕಾರ್ಯಕ್ರಮಗಳನ್ನು ನಿಲ್ಲಿಸಲಿಲ್ಲ. ಸ್ಕ್ಯಾನ್ ಮಾಡಿದಾಗ ರಕ್ತಸ್ರಾವ ಕಂಡಿತು. ಮಾರ್ಚ್ 17ರಂದು ದೆಹಲಿಯಲ್ಲಿ ತುರ್ತು ಶಸ್ತ್ರಚಿಕಿತ್ಸೆಯಾಗಿ, 27ರಂದು ಅವರು ಆಸ್ಪತ್ರೆಯಿಂದ ಹೊರಬಂದರು. ದೊಡ್ಡ ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಬೆಟ್ಟದ ಮೇಲಿನವರಿಗೆ ಆ ಅನುಕೂಲ ಎಲ್ಲಿದೆ?

ಚಿಕಿತ್ಸೆ ಇದೆ, ಸಮಯವೇ ಮುಖ್ಯ. ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಉಬ್ಬಿದ ನಾಳಕ್ಕೆ ಕ್ಲಿಪ್ ಹಾಕುತ್ತಾರೆ, ಇಲ್ಲವೇ ರಕ್ತನಾಳದ ಮೂಲಕವೇ ತೆಳುವಾದ ತಂತಿಸುರುಳಿ ತುಂಬಿ ಮುಚ್ಚುತ್ತಾರೆ. ನಿಧಾನವಾಗಿ ಸೇರಿದ ರಕ್ತವನ್ನು ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಹೊರತೆಗೆಯುತ್ತಾರೆ.

ಪಾಲಮಲೆಯಲ್ಲಿ ರೋಗಿಗಳನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ಇಳಿಸಿದ ದಿನಗಳನ್ನು ಹಿರಿಯರು ಬಲ್ಲರು. ಬೆಟ್ಟ ಇಳಿದ ಮೇಲೂ ಮೆಟ್ಟೂರಿನಿಂದ ಸೇಲಂಗೆ ಸುಮಾರು 50 ಕಿ.ಮೀ. ಇದೆ. ಆದ್ದರಿಂದ ‘ಬೆಳಿಗ್ಗೆ ನೋಡೋಣ’ ಎನ್ನುವುದು ಬೇಡ. ಕೂಡಲೇ 108ಕ್ಕೆ ಕರೆ ಮಾಡೋಣ. ವಾಹನ ಮೇಲೆ ಬರುವುದು ತಡವಾಗುವಂತಿದ್ದರೆ ಎಲ್ಲಿಗೆ ಇಳಿಸಬೇಕೆಂದು ಅವರನ್ನೇ ಕೇಳೋಣ. ಆಸ್ಪಿರಿನ್ ಕೊಡದಿರೋಣ, ಮಂಪರಿನಲ್ಲಿರುವವರ ಬಾಯಿಗೆ ನೀರು, ಕಾಫಿ ಹಾಕದಿರೋಣ. ಸೇಲಂನ ಸರ್ಕಾರಿ ಮೋಹನ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವಿದೆ. ರಸ್ತೆ ಅಪಘಾತದಲ್ಲಿ ಪೆಟ್ಟಾದವರಿಗೆ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಆರಂಭಿಸಿತು.

ಪ್ರಿಯ ಕುಟುಂಬಗಳೇ, ರಾತ್ರಿ ಹೊತ್ತಿನಲ್ಲಿ ಯಾರ ವಾಹನ ಸಿಗುತ್ತದೆ, ಜತೆಗೆ ಯಾರು ಬರುತ್ತಾರೆ ಎಂಬುದನ್ನು ನೆರೆಹೊರೆಯವರೊಂದಿಗೆ ಇಂದೇ ಮಾತಾಡಿಕೊಳ್ಳೋಣ. ನೋವು ಬಂದ ಮೇಲೆ ಯೋಚಿಸಲು ಸಮಯವಿರುವುದಿಲ್ಲ.