ಗರ್ಭಿಣಿಯರ ಅನುಭವ ವಿನಿಮಯ: ಸುರಕ್ಷಿತ ಹೆರಿಗೆಗೆ ಒಂದು ಸಾಧನ

ಹೆರಿಗೆಯು ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆಸ್ಪತ್ರೆಗಳು ದೂರವಿದ್ದ ಕಾಲದಲ್ಲಿ ಆ ಮಾತಿನಲ್ಲಿ ಭಯವೇ ಹೆಚ್ಚಾಗಿತ್ತು. ಈಗ ವೈದ್ಯಕೀಯ ನೆರವು ಹತ್ತಿರ ಬಂದಿದೆ. ಆದರೂ ಸಕಾಲದಲ್ಲಿ ಆ ನೆರವನ್ನು ಪಡೆಯದೆ ತಾಯಿಯನ್ನೋ ಶಿಶುವನ್ನೋ ಕಳೆದುಕೊಳ್ಳುವ ಕುಟುಂಬಗಳು ಇಂದಿಗೂ ಇವೆ. ಇಂತಹ ಸಾವುಗಳ ಹಿಂದೆ ಸಾಮಾನ್ಯವಾಗಿ ಮೂರು ಬಗೆಯ ವಿಳಂಬಗಳಿರುತ್ತವೆ: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ವಿಳಂಬ, ಆಸ್ಪತ್ರೆಯನ್ನು ತಲುಪುವುದರಲ್ಲಿ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ವಿಳಂಬ. ಇವುಗಳಲ್ಲಿ ಮೊದಲಿನ ಎರಡು ಮನೆಯಲ್ಲಿ ಮತ್ತು ಊರಿನಲ್ಲಿ ಉಂಟಾಗುವಂಥವು. ಅವುಗಳನ್ನು ತಪ್ಪಿಸಲು ಗರ್ಭಿಣಿಯರು ಒಂದೆಡೆ ಕಲೆತು ತಮ್ಮ ಅನುಭವಗಳನ್ನೂ ಸಿದ್ಧತೆಗಳನ್ನೂ ಹಂಚಿಕೊಳ್ಳುವುದು ಸುಲಭವಾದ, ಖರ್ಚಿಲ್ಲದ ಸಾಧನವಾಗಿದೆ.

ಮಾತಿನಿಂದ ಪ್ರಯೋಜನವುಂಟೇ?

ಹೆಂಗಸರು ಕುಳಿತು ಮಾತನಾಡಿದರೆ ಪ್ರಾಣ ಉಳಿಯುವುದೇ ಎಂದು ಕೆಲವರು ಸಂದೇಹಪಡಬಹುದು. ಈ ಸಂದೇಹಕ್ಕೆ ನೆರೆಯ ನೇಪಾಳದಲ್ಲಿ ಉತ್ತರ ದೊರೆತಿದೆ. ಅಲ್ಲಿನ ಮಕವಾನಪುರ ಜಿಲ್ಲೆಯ ಗುಡ್ಡಗಾಡು ಹಳ್ಳಿಗಳಲ್ಲಿ ಮಹಿಳೆಯರು ತಿಂಗಳಿಗೊಮ್ಮೆ ಸಭೆ ಸೇರಿ ಗರ್ಭಧಾರಣೆ, ಹೆರಿಗೆ ಮತ್ತು ಶಿಶುಪಾಲನೆಯ ಬಗ್ಗೆ ಚರ್ಚಿಸಿದರು. ಇಂತಹ ಗುಂಪುಗಳಿದ್ದ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣವು ಇತರ ಹಳ್ಳಿಗಳಿಗಿಂತ ಶೇಕಡ 30ರಷ್ಟು ಕಡಿಮೆಯಿತ್ತೆಂದು 2004ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ಜಾರ್ಖಂಡ್ ಮತ್ತು ಒಡಿಶಾದ ಗಿರಿಜನ ಪ್ರದೇಶಗಳಲ್ಲಿ ನಡೆದ ಇದೇ ಬಗೆಯ ಕಾರ್ಯದ ಫಲಿತಾಂಶ 2010ರಲ್ಲಿ ಹೊರಬಂದಿತು. ಅಲ್ಲಿಯೂ ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಮರಣ ಶೇಕಡ 32ರಷ್ಟು ಕಡಿಮೆಯಾಗಿತ್ತು. ಈ ಪುರಾವೆಗಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಗ್ರಾಮೀಣ ಪ್ರದೇಶಗಳಿಗೆ ಇಂತಹ ಮಹಿಳಾ ಗುಂಪುಗಳನ್ನು ಶಿಫಾರಸು ಮಾಡಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಊರಿನ ಗರ್ಭಿಣಿಯರಲ್ಲಿ ಹತ್ತು ಮಂದಿಗೆ ಮೂವರಾದರೂ ಪಾಲ್ಗೊಂಡ ಕಡೆಗಳಲ್ಲಿ ಮಾತ್ರ ಹೆಚ್ಚಿನ ಪ್ರಯೋಜನ ಕಂಡುಬಂದಿತು. ಎರಡನೆಯದಾಗಿ, ಆ ಮಹಿಳೆಯರು ಕೇವಲ ಉಪದೇಶ ಕೇಳಿ ಎದ್ದುಹೋಗಲಿಲ್ಲ. ತಮ್ಮ ಊರಿನ ತೊಂದರೆ ಯಾವುದೆಂದು ತಾವೇ ಗುರುತಿಸಿದರು. ಪರಿಹಾರವನ್ನು ತಾವೇ ಆರಿಸಿದರು. ತುರ್ತು ಹಣ ಕೂಡಿಡುವುದು, ಗರ್ಭಿಣಿಯನ್ನು ಸಾಗಿಸಲು ಡೋಲಿ ಒದಗಿಸುವುದು ಮುಂತಾದ ಕಾರ್ಯಗಳನ್ನು ತಾವೇ ನಡೆಸಿದರು. ಮಾತು ನಿರ್ಧಾರವಾಗಿ, ನಿರ್ಧಾರವು ಕಾರ್ಯವಾದಾಗಲೇ ಪ್ರಯೋಜನವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಲಿ ಕಲೆಯಬೇಕು?

ಇದಕ್ಕಾಗಿ ಹೊಸ ಕಟ್ಟಡವಾಗಲಿ ಹೊಸ ಸಂಘವಾಗಲಿ ಬೇಕಿಲ್ಲ. ಮೈಸೂರು ಜಿಲ್ಲೆಗೆ ಅಂಗನವಾಡಿ ಹೊಸತಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊಟ್ಟಮೊದಲು ಆರಂಭವಾದದ್ದು ಇದೇ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ಮೊದಲು ಪ್ರಾಯೋಗಿಕವಾಗಿ ನಡೆಸಿದ ನಾಲ್ಕು ತಾಲ್ಲೂಕುಗಳಲ್ಲಿ ಹೆಗ್ಗಡದೇವನಕೋಟೆಯೂ ಒಂದು. ಅದೇ ವರ್ಷ ಅಕ್ಟೋಬರ್ 2ರಂದು ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅನ್ನ, ಸೊಪ್ಪು ತರಕಾರಿಯ ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಇವು ಆ ಊಟದಲ್ಲಿ ಸೇರಿದ್ದವು. ಜೊತೆಗೂಡಿ ಉಣ್ಣುವ ಸಮಯವೇ ಮಾತಿಗೂ ಅನುಕೂಲವಾದ ಸಮಯ. ಆದರೆ ದೂರ, ಮನೆಗೆಲಸ, ಹಿರಿಯರ ಸಂಕೋಚ ಇವುಗಳಿಂದಾಗಿ ಅನೇಕ ಗರ್ಭಿಣಿಯರಿಗೆ ಅಂಗನವಾಡಿಗೆ ಬರುವುದೇ ಕಷ್ಟವಾಯಿತೆಂಬುದನ್ನೂ ನೆನೆಯಬೇಕು.

ಇದಲ್ಲದೆ ಗ್ರಾಮದಲ್ಲಿ ತಿಂಗಳಿಗೊಮ್ಮೆ ನಡೆಯುವ ಆರೋಗ್ಯ ಮತ್ತು ಪೌಷ್ಟಿಕತಾ ದಿನ, ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ದಿನ, ಸ್ತ್ರೀಶಕ್ತಿ ಸಂಘದ ವಾರದ ಸಭೆ ಇವೆಲ್ಲವೂ ಕಲೆಯುವುದಕ್ಕೆ ತಕ್ಕ ಸಂದರ್ಭಗಳೇ. ಮನೆಯಲ್ಲಿ ನಡೆಯುವ ಸೀಮಂತ, ಬಳೆ ತೊಡಿಸುವ ಶಾಸ್ತ್ರಗಳಲ್ಲಿಯೂ ಊರಿನ ತಾಯಂದಿರೆಲ್ಲ ನೆರೆಯುತ್ತಾರೆ. ಮಡಲು ತುಂಬುವ ಹೊತ್ತಿನಲ್ಲಿಯೇ ಹೆರಿಗೆಗೆ ಯಾವ ಆಸ್ಪತ್ರೆ, ಯಾವ ವಾಹನ ಎಂಬ ಮಾತೂ ನಡೆದರೆ ಶಾಸ್ತ್ರವು ಹೆಚ್ಚು ಸಾರ್ಥಕವಾಗುತ್ತದೆ.

ಯಾವುದನ್ನು ಹಂಚಿಕೊಳ್ಳಬೇಕು?

ಕಬ್ಬಿಣಾಂಶದ ಮಾತ್ರೆಯ ವಿಷಯವನ್ನೇ ತೆಗೆದುಕೊಳ್ಳೋಣ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆಗಳನ್ನು ಗರ್ಭಿಣಿಯು ಸೇವಿಸತಕ್ಕದ್ದು. ಆದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆ ಎಂಬ ಕಾರಣಗಳಿಂದ ಮಾತ್ರೆಗಳು ಗೂಡಿನಲ್ಲಿಯೇ ಉಳಿಯುವುದುಂಟು. ಮಾತ್ರೆ ನುಂಗಿ ಆರೋಗ್ಯವಂತ ಮಗುವನ್ನು ಹೆತ್ತ ನೆರೆಮನೆಯ ತಾಯಿಯೊಬ್ಬಳು ತನ್ನ ಅನುಭವವನ್ನು ಹೇಳಿದರೆ ಈ ಭಯ ಬೇಗನೆ ದೂರವಾಗುತ್ತದೆ. ಮಲ ಕಪ್ಪಾಗುವುದು ಸಹಜ, ಅದರಿಂದ ಹಾನಿಯಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ. ಕಾಫಿ, ಟೀ ಜೊತೆಯಲ್ಲಿ ಸೇವಿಸಬಾರದು. ನಿಂಬೆರಸದೊಡನೆ ಸೇವಿಸಿದರೆ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಸುಣ್ಣಾಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ವೇಳೆಯಲ್ಲಿ ನುಂಗಬೇಕು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7 ಗ್ರಾಂಗಿಂತ ಕಡಿಮೆಯಾದರೆ ಪ್ರಾಣಕ್ಕೇ ಅಪಾಯ. ಪ್ರತಿಯೊಬ್ಬಳೂ ತನ್ನ ತಾಯಿ ಕಾರ್ಡಿನಲ್ಲಿ ಬರೆದಿರುವ ಪ್ರಮಾಣವೆಷ್ಟೆಂದು ತಿಳಿದಿರಬೇಕು. ಹಾಡಿಗಳಲ್ಲಿ ವಾಸಿಸುವ ಕೆಲವು ಗಿರಿಜನ ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತದೋಷವೂ ಕಂಡುಬರುವುದರಿಂದ ಅವರು ಅದರ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಉತ್ತಮ.

ಇನ್ನೊಂದು ಉದಾಹರಣೆ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮಳೆಗಾಲದ ಕಟಾವಿನ ದಿನಗಳಲ್ಲಿ ಸೊಪ್ಪು ಮುರಿಯುವ, ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಕಟ್ಟುವ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ಮಳೆಯಿಂದಲೋ ಇಬ್ಬನಿಯಿಂದಲೋ ನೆನೆದ ಹಸಿ ಸೊಪ್ಪನ್ನು ಬರಿಗೈಯಲ್ಲಿ ಮುಟ್ಟಿದಾಗ ಅದರಲ್ಲಿರುವ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಅದರಿಂದ ತಲೆಸುತ್ತು, ವಾಂತಿ, ನಿಶ್ಶಕ್ತಿ ಉಂಟಾಗುತ್ತವೆ. ಬಸಿರಿನ ಲಕ್ಷಣಗಳೂ ಇವೇ ಆಗಿರುವುದರಿಂದ ಒಬ್ಬಂಟಿ ಗರ್ಭಿಣಿಯು ಇದೆಲ್ಲ ಸಹಜವೆಂದು ಸುಮ್ಮನಾಗಬಹುದು. ನಾಲ್ವರು ಕೂಡಿ ಮಾತನಾಡಿದಾಗ, ಸೊಪ್ಪು ಮುರಿದ ದಿನಗಳಂದೇ ವಾಂತಿ ಹೆಚ್ಚೆಂಬುದು ಬಯಲಾಗಬಹುದು. ನಿಕೋಟಿನ್ ಗರ್ಭಸ್ಥ ಶಿಶುವಿನ ಬೆಳವಣಿಗೆಗೆ ಮಾರಕ. ಆದುದರಿಂದ ಗರ್ಭಿಣಿಯನ್ನು ಹಸಿ ಸೊಪ್ಪಿನ ಕೆಲಸದಿಂದಲೂ ಬ್ಯಾರನ್ನಿನ ಹೊಗೆ ಮತ್ತು ಕಾವಿನಿಂದಲೂ ದೂರವಿಡಬೇಕು. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಅಗಿಯುವ ಅಭ್ಯಾಸವನ್ನೂ ಬಿಡಬೇಕು. ಕೃಷ್ಣರಾಜನಗರದ ಕಡೆ ಭತ್ತದ ನಾಟಿಯಲ್ಲಿ ದಿನವಿಡೀ ಬಗ್ಗಿ ದುಡಿಯುವವರಿಗೆ ಕೊನೆಯ ತಿಂಗಳುಗಳಲ್ಲಿ ವಿಶ್ರಾಂತಿ ಅತ್ಯವಶ್ಯಕ. ಇಂತಹ ಕೆಲಸಗಳನ್ನು ಮುಯ್ಯಾಳಿನ ರೀತಿಯಲ್ಲಿ ಹಂಚಿಕೊಳ್ಳಲು ಗುಂಪಿನಲ್ಲಿಯೇ ಏರ್ಪಾಡು ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ಅಪಾಯದ ಚಿಹ್ನೆಗಳನ್ನು ಪ್ರತಿ ಭೇಟಿಯಲ್ಲಿಯೂ ಒಬ್ಬರಿಗೊಬ್ಬರು ಹೇಳಿ ಬಾಯಿಪಾಠ ಮಾಡಿಕೊಳ್ಳಬೇಕು:

1. ಗರ್ಭಾವಸ್ಥೆಯ ಯಾವುದೇ ಕಾಲದಲ್ಲಿ ರಕ್ತಸ್ರಾವ
2. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಹಾಗೂ ಕೈಗಳ ಊತ
3. ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು
4. ಮಗುವಿನ ಮಿಸುಕಾಟ ಕಡಿಮೆಯಾಗುವುದು ಅಥವಾ ನಿಲ್ಲುವುದು
5. ನೋವು ಬರುವ ಮುನ್ನವೇ ನೀರು ಹೋಗುವುದು
6. ಹೆಚ್ಚು ಜ್ವರ, ಉಸಿರುಗಟ್ಟುವಿಕೆ
7. ನೋವು ಆರಂಭವಾಗಿ 12 ಗಂಟೆ ಕಳೆದರೂ ಹೆರಿಗೆಯಾಗದಿರುವುದು

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108 ಸಂಖ್ಯೆಗೆ ಕರೆಮಾಡಿ ಆಸ್ಪತ್ರೆಗೆ ಹೊರಡತಕ್ಕದ್ದು.

ಯಾವುದನ್ನು ಹಂಚಿಕೊಳ್ಳಬಾರದು?

ಅನುಭವವನ್ನು ಹಂಚಿಕೊಳ್ಳಬಹುದು, ಔಷಧಿಯನ್ನು ಹಂಚಿಕೊಳ್ಳಬಾರದು. ಒಬ್ಬಳಿಗೆ ವೈದ್ಯರು ಕೊಟ್ಟ ಮಾತ್ರೆಯು ಮತ್ತೊಬ್ಬಳಿಗೆ ವಿಷವಾದೀತು. ಒಬ್ಬಳ ಹೆರಿಗೆ ಮನೆಯಲ್ಲಿ ಸುಗಮವಾಯಿತೆಂಬುದು ಇನ್ನೊಬ್ಬಳಿಗೂ ಹಾಗೆಯೇ ಆಗುವುದೆಂಬುದಕ್ಕೆ ಆಧಾರವಲ್ಲ. ಅದೇ ತಾಯಿಯ ಎರಡು ಹೆರಿಗೆಗಳೇ ಒಂದರಂತೆ ಒಂದಿರುವುದಿಲ್ಲ. ಕಡಿಮೆ ಉಂಡರೆ ಮಗು ಚಿಕ್ಕದಾಗಿ ಹೆರಿಗೆ ಸುಲಭವಾಗುತ್ತದೆಂಬ ಸಲಹೆಯನ್ನು ಯಾರೂ ಕೊಡಬಾರದು, ಕೇಳಲೂಬಾರದು. ಹೊಟ್ಟೆಯ ಆಕಾರವನ್ನು ನೋಡಿ ಗಂಡೋ ಹೆಣ್ಣೋ ಎಂದು ಊಹಿಸುವ ಮಾತು ನಿರರ್ಥಕ. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಅದಕ್ಕಾಗಿ ತಾಯಿಯನ್ನು ದೂಷಿಸುವುದು ಅನ್ಯಾಯ. ಭ್ರೂಣಲಿಂಗ ಪತ್ತೆಯು ಕಾನೂನಿನಂತೆ ಅಪರಾಧವೂ ಹೌದು.

ಗರ್ಭಪಾತವಾದ ಅಥವಾ ಮಗುವನ್ನು ಕಳೆದುಕೊಂಡ ತಾಯಿಯನ್ನು ಕೆಲವೆಡೆ ಸೀಮಂತಕ್ಕೆ ಕರೆಯದೆ ದೂರವಿಡುವುದುಂಟು. ಇದು ಸಲ್ಲದು. ಆಕೆಗೆ ಆಗಿರುವುದು ದುಃಖ, ಅಪಶಕುನವಲ್ಲ. ಯಾವ ಚಿಹ್ನೆ ಯಾವಾಗ ಕಂಡಿತು, ಎಲ್ಲಿ ತಡವಾಯಿತು ಎಂಬುದನ್ನು ಆಕೆ ತಾನಾಗಿ ಹೇಳಲು ಬಯಸಿದರೆ, ಆ ಮಾತು ಇನ್ನೊಂದು ಮನೆಯ ದೀಪವನ್ನು ಉಳಿಸಬಲ್ಲದು. ಹೇಳಲು ಬಯಸದಿದ್ದರೆ ಕೆದಕಬಾರದು. ಗುಂಪಿನಲ್ಲಿ ಕೇಳಿದ ಮನೆಯ ಮಾತು ಜಗಲಿಯ ಮಾತಾಗಬಾರದೆಂಬುದೂ ನೆನಪಿರಲಿ.

ಮಾತಿನಿಂದ ಸಿದ್ಧತೆಗೆ

ಏಳನೆಯ ತಿಂಗಳು ತುಂಬುವುದರೊಳಗೆ ಪ್ರತಿ ಗರ್ಭಿಣಿಯೂ ಈ ಕೆಳಗಿನ ಪ್ರಶ್ನೆಗಳಿಗೆ ಗುಂಪಿನಲ್ಲಿ ಉತ್ತರ ಹೇಳುವಂತಿರಬೇಕು. ಹೆರಿಗೆ ಯಾವ ಆಸ್ಪತ್ರೆಯಲ್ಲಿ? ತೊಡಕಾದರೆ ಮುಂದೆ ತಾಲ್ಲೂಕು ಆಸ್ಪತ್ರೆಗೋ, ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ? 108 ವಾಹನ ಬರುವುದು ತಡವಾದರೆ ಊರಿನಲ್ಲಿ ಯಾರ ವಾಹನ? ಜೊತೆಯಲ್ಲಿ ಯಾರು? ರಕ್ತ ಬೇಕಾದರೆ ಕೊಡುವವರು ಯಾರು? ಮನೆಯಲ್ಲಿರುವ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುವವರು ಯಾರು? ತಾಯಿ ಕಾರ್ಡು, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆಗಳು ಇವೆಲ್ಲ ಒಂದು ಚೀಲದಲ್ಲಿ ಸಿದ್ಧವಿವೆಯೇ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂಬ ನಿಯಮ 2011ರಿಂದಲೂ ಇದೆ, ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ತೆರಳುವ ಕುಟುಂಬಗಳೂ ಈ ಸೀಮೆಯಲ್ಲಿ ಬಹಳ. ಎಲ್ಲಿಗೇ ಹೋಗಲಿ, ತಾಯಿ ಕಾರ್ಡು ಗರ್ಭಿಣಿಯೊಡನೆ ಹೋಗಬೇಕು. ಹೊರಡುವ ಮುನ್ನ ಇಲ್ಲಿನ ಆಶಾ ಕಾರ್ಯಕರ್ತೆಗೂ, ತಲುಪಿದ ಕೂಡಲೆ ಅಲ್ಲಿನ ಆಶಾ ಕಾರ್ಯಕರ್ತೆಗೂ ತಿಳಿಸಬೇಕು. ಇಲ್ಲವಾದರೆ ಕೊನೆಯ ತಿಂಗಳುಗಳ ತಪಾಸಣೆಗಳು ತಪ್ಪಿಹೋಗುವ ಸಂಭವ ಹೆಚ್ಚು. ಒಟ್ಟು ನಾಲ್ಕು ತಪಾಸಣೆಗಳಾದರೂ ಆಗಲೇಬೇಕು; ಮೊದಲನೆಯದು ಮೂರು ತಿಂಗಳು ತುಂಬುವುದರೊಳಗೆ ಆಗಬೇಕು.

ಪತಿಯ ಮತ್ತು ಹಿರಿಯರ ಕರ್ತವ್ಯ

ಗರ್ಭಿಣಿಯು ಗುಂಪಿನಲ್ಲಿ ಎಷ್ಟೇ ತಿಳಿದುಕೊಂಡರೂ, ರಾತ್ರಿ ಹನ್ನೆರಡಕ್ಕೆ ರಕ್ತಸ್ರಾವವಾದಾಗ ಹೊರಡೋಣವೆಂದು ನಿರ್ಧರಿಸುವವರು ಸಾಮಾನ್ಯವಾಗಿ ಪತಿ ಮತ್ತು ಅತ್ತೆ. ಆದುದರಿಂದ ಪತಿಯು ಅಪಾಯದ ಚಿಹ್ನೆಗಳನ್ನು ತಾನೂ ಕಲಿಯಬೇಕು. ತಪಾಸಣೆಗೆ ಜೊತೆಯಲ್ಲಿ ಹೋಗಬೇಕು. ನೀರು ಹೊರುವ, ಸೌದೆ ತರುವ ಕೆಲಸಗಳನ್ನು ತಾನು ವಹಿಸಿಕೊಳ್ಳಬೇಕು. ಅತ್ತೆಯವರು ಸೊಸೆಯನ್ನು ಅಂಗನವಾಡಿಗೆ ಕಳುಹಿಸುವುದಷ್ಟೇ ಅಲ್ಲ, ಒಮ್ಮೊಮ್ಮೆ ತಾವೂ ಬಂದು ಕುಳಿತುಕೊಳ್ಳಲಿ. ಅವರ ಕಾಲದ ಅನುಭವಕ್ಕೂ ಅಲ್ಲಿ ಬೆಲೆಯಿದೆ. ಈ ಕಾಲದ ತಿಳಿವಳಿಕೆಯೂ ಅವರಿಗೆ ದೊರೆಯುತ್ತದೆ. ಕಾಡಂಚಿನ ಹಾಡಿಯಲ್ಲಿ, ತೋಟದ ಮನೆಯಲ್ಲಿ ಒಂಟಿಯಾಗಿರುವ ಗರ್ಭಿಣಿಯನ್ನು ಕರೆತರುವುದು ಗುಂಪಿನ ಮೊದಲ ಕೆಲಸವಾಗಲಿ. ಬರಲಾರದವಳ ಮನೆಗೆ ಇಬ್ಬರು ಹೋಗಿ ಬರಲಿ.

ಹೆರಿಗೆಯ ನಂತರ

ಹೆರಿಗೆಯಾದ ಮೇಲೆ ಗುಂಪನ್ನು ಬಿಡಬಾರದು. ಒಂದು ಗಂಟೆಯೊಳಗೆ ಎದೆಹಾಲು ಕೊಟ್ಟದ್ದು, ಗಿಣ್ಣುಹಾಲನ್ನು ಹಿಂಡಿ ಚೆಲ್ಲದೆ ಕುಡಿಸಿದ್ದು, ಮೊದಲ ದಿನ ಮಗುವಿಗೆ ಸ್ನಾನ ಮಾಡಿಸದೆ ಎದೆಗೆ ಅಪ್ಪಿ ಬೆಚ್ಚಗಿಟ್ಟದ್ದು, ಹೊಕ್ಕುಳಿಗೆ ಏನನ್ನೂ ಹಚ್ಚದಿದ್ದುದು, ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಡದಿದ್ದುದು ಇವೆಲ್ಲವನ್ನೂ ಬಾಣಂತಿಯ ಬಾಯಿಂದ ಕೇಳಿದ ಗರ್ಭಿಣಿಯು ಸುಲಭವಾಗಿ ಅನುಸರಿಸುತ್ತಾಳೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲು ಅನುಸರಿಸಿದ ವಿಧಾನಗಳನ್ನೂ ಸಂಕೋಚವಿಲ್ಲದೆ ಚರ್ಚಿಸಬೇಕು. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಕಾಪರ್-ಟಿ ಅಳವಡಿಸಿಕೊಳ್ಳಬಹುದು. ಮಕ್ಕಳು ಸಾಕೆಂದು ನಿರ್ಧರಿಸಿದ ದಂಪತಿಗಳಲ್ಲಿ ಪುರುಷರಿಗಾಗಿ ಹೊಲಿಗೆಯಿಲ್ಲದ ಸರಳ ಶಸ್ತ್ರಚಿಕಿತ್ಸೆಯೂ ಇದೆ.

ದಂಪತಿಗಳೇ, ನಿಮ್ಮ ಊರಿನಲ್ಲಿ ಈಗ ಎಷ್ಟು ಮಂದಿ ಗರ್ಭಿಣಿಯರಿದ್ದಾರೆಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ಮುಂದಿನ ಸಭೆ ಯಾವ ದಿನ, ಎಲ್ಲಿ ಎಂಬುದನ್ನು ಗೊತ್ತುಮಾಡಿ ಅವರೆಲ್ಲರಿಗೂ ಹೇಳಿಕಳುಹಿಸಿರಿ. ಒಬ್ಬ ತಾಯಿ ಕಷ್ಟಪಟ್ಟು ಕಲಿತ ಪಾಠವು ಊರಿನ ಎಲ್ಲ ತಾಯಂದಿರಿಗೂ ಕಷ್ಟವಿಲ್ಲದೆ ದೊರೆಯಲಿ.