ಕಾಂಪೌಂಡ್ ಬಿಲ್ಲೋ, ಅಡ್ಡಬಿಲ್ಲೋ? ಅಮೇರಿಕದ ಜಿಂಕೆ ಬೇಟೆಗಾರರ ಒಂದು ವಾದ

ನಮ್ಮ ಊರುಗಳ ತಾಳಮದ್ದಳೆಯಲ್ಲಿ ದಶರಥನ ಬೇಟೆಯ ಕತೆ ಬಂದಾಗ ಅರ್ಥಧಾರಿಗಳು ಆ ದೊರೆಯನ್ನು ಅಷ್ಟು ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಅವನು ಶಬ್ದವೇಧಿ ಬಲ್ಲವನು. ಬಿಲ್ಲೂ ಒಳ್ಳೆಯದು, ಕೈಯೂ ಒಳ್ಳೆಯದು. ಆದರೂ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟ. ಸತ್ತದ್ದು ಕುರುಡು ತಂದೆತಾಯಿಯರ ಮಗ. ತಪ್ಪು ಬಿಲ್ಲಿನದೇ, ವಿದ್ಯೆಯದೇ, ಬಿಟ್ಟವನದೇ ಎಂದು ನಮ್ಮವರು ಬೆಳಗಿನ ಜಾವದವರೆಗೂ ವಾದಿಸಬಲ್ಲರು.

ಇಂಥದೇ ಒಂದು ವಾದ ಅಮೇರಿಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಬಂತೆಂದರೆ ಹೊಸದಾಗಿ ಏಳುತ್ತದೆ. ಅಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಋತು ಆಗ ಆರಂಭ. ಬೇಟೆಗೆ ಹೊಸದಾಗಿ ಇಳಿಯುವವನು ಅಂಗಡಿಗೆ ಹೋದರೆ ಎರಡು ಬಗೆಯ ಬಿಲ್ಲುಗಳು ಎದುರಿಗಿರುತ್ತವೆ: ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲು ಮತ್ತು ಕೋವಿಯಂತೆ ಹೆಗಲಿಗಿಟ್ಟು ಹೊಡೆಯುವ ಅಡ್ಡಬಿಲ್ಲು. ಯಾವುದನ್ನು ಕೊಳ್ಳಬೇಕು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಅದರ ಹಿಂದೆ ಒಂದು ಮೂಕಪ್ರಾಣಿಯ ನೋವಿನ ಲೆಕ್ಕವೂ ಇದೆ, ಒಂದು ಸಮಾಜ ತನ್ನ ಕಾಡನ್ನು ನೋಡಿಕೊಳ್ಳುವ ಬಗೆಯೂ ಇದೆ.

ಬೇಟೆ ಏಕೆ?

ಬೇಟೆಯೆಂದರೆ ಜೈಲು ಎಂಬ ಕಾಯಿದೆಯಡಿ ಬದುಕುವ ನಮಗೆ ಮೊದಲು ಇದೇ ವಿಚಿತ್ರವೆನಿಸಬಹುದು. ಅಲ್ಲಿನ ಕತೆ ಬೇರೆ. ಸುಮಾರು 1900ರ ಹೊತ್ತಿಗೆ ಅಮೇರಿಕದ ಬಿಳಿಬಾಲದ ಜಿಂಕೆ ಕೆಲವೇ ಲಕ್ಷಕ್ಕೆ ಇಳಿದಿತ್ತು. ಮಾಂಸ ಮತ್ತು ತೊಗಲಿನ ವ್ಯಾಪಾರಿಗಳು ಅದನ್ನು ಮುಗಿಸುತ್ತ ಬಂದಿದ್ದರು. ಆಮೇಲೆ ಕಾಡುಮಾಂಸದ ಮಾರಾಟ ನಿಂತಿತು, ಬೇಟೆಗೆ ಋತುವೂ ಮಿತಿಯೂ ಬಂದವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣ ವನ್ಯಜೀವಿ ರಕ್ಷಣೆಗೆಂದೇ ಮೀಸಲಾಯಿತು. 1970ರ ದಶಕದಲ್ಲಿ ಬಿಲ್ಲು ಬಾಣಗಳೂ ಆ ತೆರಿಗೆಗೆ ಸೇರಿದವು.

ಜಿಂಕೆ ಮರಳಿ ಬಂತು. ಆದರೆ ಅದನ್ನು ತಿನ್ನುವ ತೋಳ ಮತ್ತು ಪೂಮಾ ಹೆಚ್ಚಿನ ಕಡೆಗಳಲ್ಲಿ ಮರಳಲಿಲ್ಲ. ಇಂದು ಅಲ್ಲಿ ಬಿಳಿಬಾಲದ ಜಿಂಕೆಗಳು ಅಂದಾಜು 3 ಕೋಟಿ. ಅವು ಬೆಳೆಯನ್ನು ಮೇಯುತ್ತವೆ, ಕಾಡಿನ ಎಳೆ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ, ರಸ್ತೆಯಲ್ಲಿ ಕಾರುಗಳಿಗೆ ಅಡ್ಡ ಬರುತ್ತವೆ. ಇಂಥ ಅಪಘಾತಗಳು ವರ್ಷಕ್ಕೆ ಹತ್ತು ಲಕ್ಷವನ್ನು ಮೀರುತ್ತವೆಂದು ವಿಮಾ ಕಂಪೆನಿಗಳ ಅಂದಾಜು. ಹಾಗಾಗಿ ಅಲ್ಲಿನ ರಾಜ್ಯ ಸರಕಾರಗಳು ಬೇಟೆಗಾರನಿಗೆ ಲೈಸನ್ಸ್ ಕೊಟ್ಟು, ಇಂತಿಷ್ಟು ಜಿಂಕೆ ಎಂದು ಲೆಕ್ಕ ಹಾಕಿ, ಬೇಟೆಯನ್ನೇ ಕಾಡಿನ ಆಡಳಿತದ ಒಂದು ಭಾಗವಾಗಿ ಮಾಡಿಕೊಂಡಿವೆ. ಮನೆಗಳು ಒತ್ತೊತ್ತಾಗಿರುವ ಕಡೆ ಕೋವಿ ಹೊಡೆಯುವಂತಿಲ್ಲ, ಅಲ್ಲಿ ಬಿಲ್ಲೇ ಗತಿ.

ಬಿಲ್ಲು ಮರಳಿ ಬಂದ ಬಗೆ

ಅಮೇರಿಕದ ಬಿಳಿಯರು ಬಿಲ್ಲನ್ನು ಮರೆತೇ ಬಿಟ್ಟಿದ್ದರು. ಅವರಿಗೆ ಅದನ್ನು ನೆನಪಿಸಿದವನ ಕತೆಯನ್ನು ನಮ್ಮಂಥ ಓದುಗರು ತಿಳಿದಿರಬೇಕು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬಲ್ಲಿ ಹಸಿದು ಬಸವಳಿದ ಒಬ್ಬ ಮನುಷ್ಯ ಕಾಡಿನಿಂದ ಹೊರಬಂದ. ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯವನು ಅವನು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಅವನ ಭಾಷೆಯಲ್ಲಿ ಮನುಷ್ಯ ಎಂಬರ್ಥದ ‘ಇಶಿ’ ಎಂಬ ಮಾತಿನಿಂದಲೇ ಅವನನ್ನು ಕರೆದರು. ಸಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಅವನಿಗೆ ಆಶ್ರಯ ಸಿಕ್ಕಿತು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯರು ಅವನಿಂದ ಬಿಲ್ಲು ಮಾಡುವುದನ್ನೂ ಹೂಡುವುದನ್ನೂ ಕಲಿತರು. ಎಡ್ವರ್ಡ್ ಸಪೀರ್ ಎಂಬ ಭಾಷಾಶಾಸ್ತ್ರಜ್ಞರು 1915ರಲ್ಲಿ ಅವನ ಮಾತನ್ನು ಬರೆದುಕೊಂಡರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಅವನ ಮಾತನ್ನಾಡುವವರು ಮತ್ತೆ ಯಾರೂ ಉಳಿಯಲಿಲ್ಲ. ಅವನ ವಿದ್ಯೆ ಮಾತ್ರ ಪೋಪ್ 1923ರಲ್ಲಿ ಬರೆದ ಪುಸ್ತಕದ ಮೂಲಕ ಸಾವಿರಾರು ಜನರ ಕೈಗೆ ಹೋಯಿತು.

ಇಶಿಯ ಬೇಟೆಯ ಗುಟ್ಟು ಬಿಲ್ಲಿನ ಬಲದಲ್ಲಿರಲಿಲ್ಲ. ಗಾಳಿ ಯಾವ ಕಡೆಯದೆಂದು ನೋಡಿ, ಕಾದು, ಜಿಂಕೆಗೆ ಆದಷ್ಟು ಹತ್ತಿರವಾದ ಮೇಲೆಯೇ ಬಾಣ ಬಿಡುವುದು ಅವನ ಕ್ರಮ. ಮುಂದಿನ ಮಾತಿಗೆ ಇದು ನೆನಪಿರಲಿ.

ಗಾಲಿಗಳ ಬಿಲ್ಲು

ಕಾಂಪೌಂಡ್ ಬಿಲ್ಲನ್ನು ಕಂಡುಹಿಡಿದವರು ಮಿಸ್ಸೂರಿ ರಾಜ್ಯದ ಹೋಲೆಸ್ ವಿಲ್ಬರ್ ಆಲನ್. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು. ಸಾಮಾನ್ಯ ಬಿಲ್ಲನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಪೂರ್ತಿ ಎಳೆದು ಗುರಿ ನೋಡುವ ಹೊತ್ತಿಗೆ ತೋಳು ನಡುಗುತ್ತದೆ. ಆಲನ್ ಬಿಲ್ಲಿನ ಎರಡೂ ತುದಿಗಳಿಗೆ ಬಾವಿಯ ರಾಟೆಯಂಥ ಗಾಲಿಗಳನ್ನು ಕಟ್ಟಿದರು, ಆದರೆ ಅಚ್ಚನ್ನು ನಡುವಿನಲ್ಲಿಡದೆ ಬದಿಗೆ ಸರಿಸಿದರು. ಹೆದೆ ಎಳೆಯುತ್ತ ಹೋದಂತೆ ಗಾಲಿ ತಿರುಗಿ, ಮೊದಲು ಏರಿದ ಭಾರ ಕೊನೆಯಲ್ಲಿ ತಟ್ಟನೆ ಇಳಿಯುತ್ತದೆ. ಇಂದಿನ ಬಿಲ್ಲುಗಳಲ್ಲಿ ಈ ಇಳಿತ ನೂರಕ್ಕೆ 65ರಿಂದ 90ರವರೆಗೂ ಇರುವುದುಂಟು. ಎಂದರೆ 60 ಪೌಂಡಿನ ಬಿಲ್ಲಿನಲ್ಲಿ ನೂರಕ್ಕೆ 80 ಇಳಿದರೆ, ಪೂರ್ತಿ ಎಳೆದು ನಿಂತವನ ಕೈಯಲ್ಲಿ ಉಳಿಯುವುದು ಬರೇ 12 ಪೌಂಡು.

ನಮ್ಮವರಿಗೂ ಈ ಬಿಲ್ಲು ಅಪರಿಚಿತವಲ್ಲ. ಹಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದದ್ದೂ, ಎರಡೂ ತೋಳುಗಳಿಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ತಂದದ್ದೂ ಈ ಕಾಂಪೌಂಡ್ ಬಿಲ್ಲಿನಲ್ಲೇ.

ಆದರೆ ಎಳೆಯುವ ಕೆಲಸ ಮಾತ್ರ ತಪ್ಪಿದ್ದಲ್ಲ. ಜಿಂಕೆ ಹತ್ತಿರವಿದ್ದಾಗಲೇ, ಅದರ ಕಣ್ಣಿಗೆ ಬೀಳದಂತೆ ಎಳೆಯಬೇಕು. ಬಿಲ್ಲು ಆಳಿನ ತೋಳಿನ ಅಳತೆಗೆ ಹೊಂದಬೇಕು. ತಿಂಗಳುಗಟ್ಟಲೆ ಅಭ್ಯಾಸ ಬೇಕು, ಅಭ್ಯಾಸ ಬಿಟ್ಟರೆ ಕೈ ತಪ್ಪುತ್ತದೆ. ಇದಕ್ಕೆ ಪ್ರತಿಯಾಗಿ ಬಿಲ್ಲು ಹಗುರ, ಸದ್ದು ಕಡಿಮೆ, ಎರಡನೆಯ ಬಾಣವನ್ನು ಬೇಗ ಹೂಡಬಹುದು.

ಹಳೆಯ ಅಡ್ಡಬಿಲ್ಲು

ಅಡ್ಡಬಿಲ್ಲು ಹೊಸತೇನಲ್ಲ. ಚೀನದ ಮೊದಲ ಚಕ್ರವರ್ತಿಯ ಸಮಾಧಿಯಲ್ಲಿ ಮಣ್ಣಿನ ಸೈನಿಕರ ಜೊತೆ ಅದರ ಕಂಚಿನ ಬಿಡಿಭಾಗಗಳು ಸಿಕ್ಕಿವೆ. ಯುರೋಪಿನಲ್ಲಿ 1139ರ ಲ್ಯಾಟೆರನ್ ಧರ್ಮಸಭೆ ಕ್ರೈಸ್ತರ ಮೇಲೆ ಬಿಲ್ಲು ಅಡ್ಡಬಿಲ್ಲುಗಳ ಪ್ರಯೋಗವನ್ನು ನಿಷೇಧಿಸಿತು. ನಿಷೇಧವನ್ನು ಪಾಲಿಸಿದವರು ಕಡಿಮೆ.

ಇದರಲ್ಲಿ ಬಿಲ್ಲನ್ನು ಒಂದು ದಿಂಡಿನ ಮೇಲೆ ಅಡ್ಡವಾಗಿ ಕೂರಿಸಿರುತ್ತಾರೆ. ಮುಂಭಾಗದ ರಿಕಾಪಿಗೆ ಕಾಲಿಟ್ಟು, ಹಗ್ಗದ ಸಹಾಯದಿಂದಲೋ ತಿರುಗಿಸುವ ಹಿಡಿಯಿಂದಲೋ ಹೆದೆಯನ್ನು ಎಳೆದು ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಆಮೇಲೆ ತೋಳಿಗೆ ಭಾರವಿಲ್ಲ. ದುರ್ಬೀನಿನಲ್ಲಿ ಗುರಿ ನೋಡಿ ಕೋವಿಯಂತೆ ಕುದುರೆ ಎಳೆದರೆ ಬಾಣ ಹಾರುತ್ತದೆ. ಹೆಗಲು ನೋವಿನ ಮುದುಕನೂ, ಸಪೂರ ಕೈಯ ಹುಡುಗಿಯೂ, ಅಂಗವಿಕಲನೂ ಕೆಲವೇ ದಿನಗಳಲ್ಲಿ ಸಾಕಷ್ಟು ಚೆನ್ನಾಗಿ ಹೊಡೆಯಬಲ್ಲರು.

ಇದಕ್ಕೂ ಬೆಲೆ ಇದೆ. ಕಾಂಪೌಂಡ್ ಬಿಲ್ಲು ಎರಡು ಕಿಲೋದ ಒಳಗೆ ಇದ್ದರೆ ಅಡ್ಡಬಿಲ್ಲು ದುರ್ಬೀನು ಸಹಿತ ಮೂರು ನಾಲ್ಕು ಕಿಲೋ ತೂಗುತ್ತದೆ. ಹೆದೆ ಬಾಣವನ್ನು ತಳ್ಳುವ ದೂರ ಗಿಡ್ಡವಾದ ಕಾರಣ 150, 200 ಪೌಂಡುಗಳ ಎಳೆತ ಬೇಕು. ಹಾಗಾಗಿ ಸದ್ದು ಹೆಚ್ಚು, ಮತ್ತೆ ಹೂಡಲು ಹೊತ್ತು ಹೆಚ್ಚು. ಹೆದೆಯ ದಾರಿಯಲ್ಲಿ ಹೆಬ್ಬೆರಳು ಸಿಕ್ಕಿದರೆ ಕೈ ಹೋದಂತೆಯೇ. ಎಳೆದಿಟ್ಟ ಅಡ್ಡಬಿಲ್ಲು ತುಂಬಿದ ಕೋವಿಗೆ ಸಮ ಎಂಬ ಎಚ್ಚರ ಬೇಕು. ಬೇಟೆ ಸಿಗದೆ ಮರಳುವಾಗ ಅನೇಕರು ಬಾಣವನ್ನು ಒಂದು ಗುರಿಹಲಗೆಗೆ ಹೊಡೆದೇ ಹೆದೆ ಇಳಿಸುತ್ತಾರೆ.

ಎರಡಕ್ಕೂ ಸಮಾನವಾದ ಅಪಾಯವೊಂದಿದೆ. ಮರದ ಮೇಲಿನ ಅಟ್ಟಣೆಯಿಂದ ಬೀಳುವುದು. ಕಟ್ಟುಪಟ್ಟಿ ಇಲ್ಲದೆ ಮರ ಹತ್ತಬಾರದೆಂದು ಅಲ್ಲಿನ ಬೇಟೆ ತರಗತಿಗಳಲ್ಲಿ ಒತ್ತಿ ಹೇಳುತ್ತಾರೆ.

ಕ್ಷಣದ ಲೆಕ್ಕ

ಅಂಗಡಿಯವನು ವೇಗವನ್ನು ಹೊಗಳುತ್ತಾನೆ. ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 300 ಅಡಿ ಹೋಗುತ್ತದೆ, ಅಡ್ಡಬಿಲ್ಲಿನದು 400. ಹಾಗಾದರೆ ಅಡ್ಡಬಿಲ್ಲಿನಿಂದ ದುಪ್ಪಟ್ಟು ದೂರ ಹೊಡೆಯಬಹುದಲ್ಲವೇ ಎಂದು ಹೊಸಬನಿಗೆ ತೋರುತ್ತದೆ. ಇಲ್ಲಿಯೇ ಮೋಸ ಹೋಗುವುದು.

ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. 30 ಗಜ, ಎಂದರೆ 90 ಅಡಿ ದೂರದ ಜಿಂಕೆಗೆ ಹೆದೆಯ ಸದ್ದು ಒಂದು ಸೆಕೆಂಡಿನ ನೂರರಲ್ಲಿ 8 ಪಾಲಿನೊಳಗೆ ಮುಟ್ಟುತ್ತದೆ. ಕಾಂಪೌಂಡ್ ಬಾಣ ಮುಟ್ಟಲು 30 ಪಾಲು ಬೇಕು. ನಡುವಿನ 22 ಪಾಲು ಜಿಂಕೆಯದು. ಬೆಚ್ಚಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ, ಎದೆಗೆ ಬಿಟ್ಟ ಬಾಣ ಬೆನ್ನಿಗೆ ತಾಗುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಈಗ ಅಡ್ಡಬಿಲ್ಲಿನವನು 60 ಗಜದಿಂದ ಹೊಡೆಯಲಿ. ಬಾಣಕ್ಕೆ 45 ಪಾಲು, ಸದ್ದಿಗೆ 16. ಜಿಂಕೆಗೆ ಸಿಕ್ಕಿದ್ದು 29 ಪಾಲು. ವೇಗದ ಬಿಲ್ಲನ್ನು ಹಿಡಿದವನೇ ಜಿಂಕೆಗೆ ಹೆಚ್ಚು ಹೊತ್ತು ಕೊಟ್ಟಂತಾಯಿತು. ದೂರ ಹೋದಂತೆ ಬಾಣದ ವೇಗ ಕುಗ್ಗುವುದನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ಬಾಣ ಗುಂಡಿನಂತಲ್ಲ. ಅದರ ಮೊನೆಯ ಹರಿತ ಅಲಗುಗಳು ರಕ್ತ ಸುರಿಸಿ ಕೊಲ್ಲುತ್ತವೆ. ಎದೆಗೂಡಿನಲ್ಲಿ ಶ್ವಾಸಕೋಶಕ್ಕೆ ತಾಗಿದರೆ ಜಿಂಕೆ ಸ್ವಲ್ಪ ದೂರ ಓಡಿ ಕ್ಷಣಗಳಲ್ಲಿ ಬೀಳುತ್ತದೆ. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ಸಿಗುವುದೂ ಇಲ್ಲ. ಆದ್ದರಿಂದ ಪಕ್ಕ ಕೊಟ್ಟು ಶಾಂತವಾಗಿ ನಿಂತ ಜಿಂಕೆಗೆ ಮಾತ್ರ, ಹತ್ತಿರದಿಂದ ಮಾತ್ರ ಹೊಡೆಯಬೇಕೆಂದು ಅನುಭವಿಗಳು ಹೇಳುತ್ತಾರೆ. ಬಿಲ್ಲು ಯಾವುದಾದರೂ ಈ ಮಾತು ಬದಲಾಗುವುದಿಲ್ಲ. ಹೆಚ್ಚಿನವರಿಗೆ 30 ಗಜವೇ ಗಡಿ.

ಕಾನೂನಿನ ಜಗಳ

ಅಡ್ಡಬಿಲ್ಲನ್ನು ಬಿಲ್ಲಿನ ಋತುವಿಗೆ ಬಿಡಬೇಕೇ ಎಂಬುದರಲ್ಲಿ ಅಲ್ಲಿನ ರಾಜ್ಯಗಳಿಗೆ ಒಮ್ಮತವಿಲ್ಲ. ವಿಸ್ಕಾನ್ಸಿನ್ ರಾಜ್ಯ 1934ರಲ್ಲಿಯೇ ಬಿಲ್ಲಿಗೆಂದು ಋತು ಕೊಟ್ಟಿತ್ತು, ಆದರೆ ಅಡ್ಡಬಿಲ್ಲನ್ನು ಎಲ್ಲರಿಗೂ ತೆರೆದದ್ದು 2014ರಲ್ಲಿ. ಪೆನ್ಸಿಲ್ವೇನಿಯಾ 2009ರಲ್ಲಿ ತೆರೆಯಿತು. ಓರೆಗಾನ್ ರಾಜ್ಯ ಅದನ್ನು ಬೇಟೆಗೆ ಒಪ್ಪುವುದಿಲ್ಲ. ಪೋಪ್ ಹೆಸರಿನಲ್ಲಿ 1961ರಲ್ಲಿ ಸ್ಥಾಪನೆಯಾದ ಪೋಪ್ ಅಂಡ್ ಯಂಗ್ ಕ್ಲಬ್ ಅಡ್ಡಬಿಲ್ಲಿನ ಬೇಟೆಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ. ಬ್ರಿಟನ್ನಿನಲ್ಲಂತೂ 1981ರ ಕಾಯಿದೆಯಂತೆ ಕಾಡುಪ್ರಾಣಿಯ ಮೇಲೆ ಎರಡೂ ಬಿಲ್ಲುಗಳು ನಿಷಿದ್ಧ.

ವಿರೋಧಿಗಳ ಮಾತು ಹೀಗೆ: ಬಿಲ್ಲಿಗೆ ತಿಂಗಳುಗಟ್ಟಲೆ ಋತು ಕೊಟ್ಟದ್ದು ಅದು ಕಷ್ಟದ ವಿದ್ಯೆಯೆಂದು. ಸುಲಭದ ಯಂತ್ರಕ್ಕೆ ಅದೇ ರಿಯಾಯಿತಿ ಏಕೆ? ಪರವಾದವರ ಮಾತೂ ತಳ್ಳಿಹಾಕುವಂಥದಲ್ಲ. ಬೇಟೆಗಾರರಿಗೆ ವಯಸ್ಸಾಗುತ್ತಿದೆ, ಹೊಸಬರು ಕಡಿಮೆ. ಅವರ ಲೈಸನ್ಸಿನ ಹಣವೇ ಕಾಡಿನ ಇಲಾಖೆಗೆ ಆಧಾರ. ಕಾಂಪೌಂಡ್ ಬಿಲ್ಲು ಬಂದ ಹೊಸತರಲ್ಲಿ ಅದನ್ನೂ ಬಿಲ್ಲೇ ಅಲ್ಲವೆಂದು ಬೈದವರಿದ್ದರಲ್ಲ ಎಂದು ಅವರು ಕೇಳುತ್ತಾರೆ. ವಿಸ್ಕಾನ್ಸಿನ್ನಿನಲ್ಲಿ ಕೆಲವೇ ವರ್ಷಗಳಲ್ಲಿ ಅಡ್ಡಬಿಲ್ಲಿನ ಬೇಟೆ ಉಳಿದ ಬಿಲ್ಲುಗಳ ಬೇಟೆಯನ್ನು ಮೀರಿತು. ಜನ ಯಾವುದನ್ನು ಆರಿಸುತ್ತಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಯಾವುದು?

ತೋಳಿನಲ್ಲಿ ಬಲ, ಮನೆಯ ಹಿತ್ತಿಲಲ್ಲಿ ಜಾಗ, ದಿನಾ ಅರ್ಧ ಗಂಟೆಯ ಪುರುಸೊತ್ತು ಇದ್ದವನಿಗೆ ಕಾಂಪೌಂಡ್ ಬಿಲ್ಲು ಒಳ್ಳೆಯದು. ಹೆಚ್ಚು ನಡೆದು ಬೇಟೆಯಾಡುವವನಿಗೂ ಅದೇ ಹಗುರ. ಹೆಗಲು ಒಪ್ಪದವನಿಗೆ, ಅಭ್ಯಾಸಕ್ಕೆ ಹೊತ್ತಿಲ್ಲದವನಿಗೆ ಅಡ್ಡಬಿಲ್ಲೇ ಪ್ರಾಮಾಣಿಕ ಆಯ್ಕೆ. ಅಭ್ಯಾಸವಿಲ್ಲದ ಕೈಯಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು ಜಿಂಕೆಯನ್ನು ಗಾಯಗೊಳಿಸುವುದಕ್ಕಿಂತ ಅಡ್ಡಬಿಲ್ಲಿನಿಂದ ಸರಿಯಾಗಿ ಹೊಡೆಯುವುದು ಮೇಲು. ಆದರೆ ಅಡ್ಡಬಿಲ್ಲನ್ನು ಗಿಡ್ಡ ಕೋವಿಯೆಂದು ತಿಳಿದು ದೂರಕ್ಕೆ ಹೊಡೆಯುವವನಿಗೆ ಎರಡೂ ಬೇಡ.

ಇದರಿಂದ ನಮಗೇನು? ಮುತ್ತಪ್ಪನ್ ದೈವದ ಕೈಯ ಬಿಲ್ಲನ್ನು ಕಂಡು ಕೈಮುಗಿಯುವ ನಾಡು ನಮ್ಮದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇಲ್ಲಿ ಜಿಂಕೆಗಾಗಲಿ ಕಡವೆಗಾಗಲಿ ಬಾಣ ಬಿಡುವ ಮಾತೇ ಇಲ್ಲ, ಇರಲೂ ಬಾರದು. ಇರುವುದು ಕಾಡುಹಂದಿಯ ಪ್ರಶ್ನೆ. ಕಂಗಿನ ತೋಟ, ಮರಗೆಣಸು, ಬಾಳೆ ಕಳಕೊಂಡ ಕೃಷಿಕರ ಕೂಗಿಗೆ ಓಗೊಟ್ಟು 2022ರಲ್ಲಿ ಕೇರಳ ಸರಕಾರ, ಉಪಟಳ ಕೊಡುವ ಹಂದಿಗಳನ್ನು ಲೈಸನ್ಸ್ ಕೋವಿಯವರಿಂದ ಹೊಡೆಸಲು ಪಂಚಾಯತು ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದೆಂದೂ ಹೇಳಿತು. ಆದರೂ ಗುಟ್ಟಿನಲ್ಲಿ ಉರುಳು ಒಡ್ಡುವವರು, ತಂತಿ ಎಳೆಯುವವರು ಇಲ್ಲವೆನ್ನುವಂತಿಲ್ಲ. ಉರುಳಿಗೆ ಹಂದಿ ಯಾವುದು, ನೆರೆಮನೆಯ ನಾಯಿ ಯಾವುದು ಗೊತ್ತಿಲ್ಲ. ತಂತಿಗೆ, ಮುಂಜಾನೆ ಅಡಿಕೆ ಹೆಕ್ಕಲು ಹೊರಟ ಮನುಷ್ಯನೂ ಗೊತ್ತಿಲ್ಲ.

ಕೊಲ್ಲಲೇಬೇಕಾದ ಸಂದರ್ಭ ಬಂದರೆ ನೋಡಿ, ಗುರುತು ಹಿಡಿದು, ನೋವು ಕಡಿಮೆಯಾಗುವಂತೆ ಕೊಲ್ಲಬೇಕು. ಸಂದೇಹವಿದ್ದರೆ ಕೈ ತಡೆಯಬೇಕು. ಅಮೇರಿಕದ ಬೇಟೆಗಾರರ ವಾದದಿಂದ ನಾವು ತೆಗೆದುಕೊಳ್ಳಬಹುದಾದದ್ದು ಇಷ್ಟು. ದಶರಥನಿಗೂ ಆ ರಾತ್ರಿ ಬೇಕಾಗಿದ್ದದ್ದು ಇನ್ನೂ ಒಳ್ಳೆಯ ಬಿಲ್ಲಲ್ಲ, ಬೆಳಕು ಹರಿಯುವವರೆಗೆ ಕಾಯುವ ತಾಳ್ಮೆ.